ನೀರಾಗುವ ಮಾವಿನ ಕಸ್ಟರ್ಡ್

ಬೆಳಿಗ್ಗೆ ಎದ್ದವಳೇ ಮುಖ ಕೂಡ ತೊಳೆಯದೆ ಫ್ರಿಜ್ಜಿನ ಬಾಗಿಲು ತೆಗೆದು ಬಟ್ಟಲನ್ನು ಓರೆ ಮಾಡಿ ನೋಡಿದೆ. ಹಿಂದಿನ ಸಂಜೆ ಅಲ್ಲಾಡದೆ ಕೂತಿದ್ದ ಮಾವಿನ ಕಸ್ಟರ್ಡ್ ಮಜ್ಜಿಗೆಯಂತೆ ಈ ಬದಿಯಿಂದ ಆ ಬದಿಗೆ ಹರಿಯಿತು. ಚಮಚದಲ್ಲಿ ಎತ್ತಿ ಬಗ್ಗಿಸಿದೆ. ತೊಟ್ಟು ತೊಟ್ಟಾಗಿ ಇಳಿದುಹೋಯಿತು.

"ಮತ್ತೆ ನೀರಾಗಿದೆ," ಎಂದೆ. ನಾನು ಮೆಲ್ಲಗೆ ಮಾತಾಡಿದರೂ ಪಕ್ಕದ ಮನೆಗೆ ಕೇಳುತ್ತದೆ ಎಂಬ ದೂರಿದೆ. ಅವತ್ತು ಮೆಲ್ಲಗೂ ಮಾತಾಡಿರಲಿಲ್ಲ.

ತಮ್ಮ ಹಲ್ಲುಜ್ಜುತ್ತಾ ಬಂದು ಇಣುಕಿದ. "ಜ್ಯೂಸ್ ಮಾಡಿದ್ಯಾ ಅಕ್ಕ?" ಎಂದ.

ಕೈಯಲ್ಲಿದ್ದ ಚಮಚ ಅವನ ತಲೆಗೆ ಬೀಳದೆ ಇದ್ದದ್ದು ಅವನ ಪುಣ್ಯ.

ಇದೇನು ತಮಾಷೆಯ ವಿಷಯವಾಗಿರಲಿಲ್ಲ. ನಮ್ಮಪ್ಪ ಜೀವಮಾನವೆಲ್ಲ ಬಸ್ಸು ಓಡಿಸಿದವರು. ಮೂವರ ಊಟ ಒಬ್ಬರೇ ಮುಗಿಸಿ, ಇನ್ನೇನಿದೆ ಎಂದು ಪಾತ್ರೆ ಮುಚ್ಚಳ ಎತ್ತಿ ನೋಡುತ್ತಿದ್ದವರು. ಅಂಥವರಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತು, ಮಾತು ನಿಂತಿತು, ಎಲ್ಲಕ್ಕಿಂತ ಕೆಟ್ಟದ್ದೆಂದರೆ ಗಂಟಲಿಗೆ ನುಂಗುವುದೇ ಮರೆತುಹೋಯಿತು. ಒಂದು ಗುಟುಕು ನೀರು ಕೊಟ್ಟರೂ ಹೊಟ್ಟೆಗೆ ಹೋಗದೆ ಶ್ವಾಸಕೋಶಕ್ಕೆ ಹೋಗಬಹುದು ಎಂದು ಮೂಗಿನಿಂದ ಹೊಟ್ಟೆಗೆ ಸಣ್ಣ ಪೈಪು ಇಳಿಸಿ ಆಸ್ಪತ್ರೆಯವರು ಮನೆಗೆ ಕಳಿಸಿದ್ದರು. ಹೊತ್ತುಹೊತ್ತಿಗೆ ಅಮ್ಮ ಸಿರಿಂಜಿನಲ್ಲಿ ಹಾಲಿನಂಥದ್ದೇನನ್ನೋ ಆ ಪೈಪಿಗೆ ಬಿಡುತ್ತಿದ್ದಳು. ಅಪ್ಪ ಗೋಡೆ ನೋಡುತ್ತಾ ಮಲಗಿರುತ್ತಿದ್ದರು. ಕಿವಿ ಚುರುಕಾಗಿತ್ತು, ಬುದ್ಧಿ ನೆಟ್ಟಗಿತ್ತು, ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ನನಗೆ ಅದೇ ಹೆಚ್ಚಿನ ಸಂಕಟ.

ನುಂಗುವ ಅಭ್ಯಾಸ ಮಾಡಿಸಲು ಆಸ್ಪತ್ರೆಯಿಂದ ಒಬ್ಬ ಮೇಡಂ ಮನೆಗೆ ಬರುತ್ತಿದ್ದರು. ನಾಲಿಗೆ ಚಾಚಿಸುವುದು, ಕೆನ್ನೆ ಉಬ್ಬಿಸುವುದು, ಗಂಟಲ ಮೇಲೆ ಬೆರಳಿಟ್ಟು ಉಗುಳು ನುಂಗಿಸುವುದು. ತಮ್ಮ ಅವರಿಗೆ "ನುಂಗು ಮೇಡಂ" ಎಂದು ಹೆಸರಿಟ್ಟಿದ್ದ. ಅವರ ಎದುರಿಗೇ ಒಮ್ಮೆ ಬಾಯಿ ತಪ್ಪಿ ಹಾಗೆ ಕರೆದೂ ಬಿಟ್ಟ. ಅವರು ನಕ್ಕರು. ಆ ನಗುವಿನಿಂದಾಗಿ ನನಗೆ ಅವರ ಮೇಲೆ ನಂಬಿಕೆ ಬಂತು.

ಅವರು ಶುಕ್ರವಾರ ಪರೀಕ್ಷೆ ಇಟ್ಟಿದ್ದರು. ಆಸ್ಪತ್ರೆಯ ಪೌಡರು ಕಲಸಿದ ಸಪ್ಪೆ ಪದಾರ್ಥವನ್ನು ಅಪ್ಪ ಮೊದಲ ಸಲವೇ ಉಗುಳಿದ್ದರಿಂದ, "ಅವರಿಗೆ ತುಂಬಾ ಇಷ್ಟ ಆಗೋದು ಏನಾದ್ರೂ ನೀವೇ ಮಾಡಿಡಿ," ಎಂದರು. ಕೆಲವು ಚಮಚ ಸರಿಯಾಗಿ ನುಂಗಿದರೆ ಮೂಗಿನ ಪೈಪು ತೆಗೆಯಬಹುದು. ಇಲ್ಲವಾದರೆ ಹೊಟ್ಟೆಗೇ ತೂತು ಕೊರೆದು ಅಲ್ಲಿಗೆ ಪೈಪು ಇಡಬೇಕು ಎಂದು ದೊಡ್ಡ ಡಾಕ್ಟರು ಆಗಲೇ ಹೇಳಿದ್ದಾರೆ. ಅದನ್ನು ಇಟ್ಟ ಮೇಲೆ ಬಾಯಿಂದ ತಿನ್ನುವ ದಿನ ಬರುತ್ತದೋ ಇಲ್ಲವೋ.

"ಮಾವಿನಹಣ್ಣು," ಎಂದಳು ಅಮ್ಮ. ಯೋಚನೆ ಮಾಡಲು ಅರೆಗಳಿಗೆ ಕೂಡ ತೆಗೆದುಕೊಳ್ಳಲಿಲ್ಲ. ಕೋಣೆಯ ಒಳಗಿನಿಂದ ಅಪ್ಪ ಇತ್ತ ಕತ್ತು ತಿರುಗಿಸಿದ್ದನ್ನು ನಾನು ನೋಡಿದೆ.

ತಮ್ಮ ಅಂದೇ ಹೋಗಿ ಮಾವಿನ ಐಸ್‌ಕ್ರೀಮ್ ತಂದ. ಮೇಡಂ ಬೇಡವೆಂದು ಕೈ ಆಡಿಸಿಬಿಟ್ಟರು. ಬಾಯಿಗೆ ಹೋದ ತಕ್ಷಣ ಕರಗಿ ನೀರಾಗುತ್ತದೆ, ನೀರೇ ಅಪಾಯ. ನಾನು ಜೆಲ್ಲಿ ಮಾಡಿದೆ. ಅದೂ ಬಾಯಿಯ ಬಿಸಿಗೆ ಕರಗುತ್ತದಂತೆ, ಬೇಡ. ಹೆಚ್ಚಿದ ಹಣ್ಣಿನಲ್ಲಿ ನಾರು, ಅದಂತೂ ಬೇಡವೇ ಬೇಡ. ಕೊನೆಗೆ ಉಳಿದದ್ದು ಕಸ್ಟರ್ಡ್. "ಚಮಚದಲ್ಲಿ ತಗೊಂಡು ಬಗ್ಗಿಸಿದ್ರೆ ಒಂದೇ ಉಂಡೆಯಾಗಿ ಬೀಳ್ಬೇಕು. ಹರೀಬಾರ್ದು, ಅಂಟಿಕೊಂಡೂ ಇರಬಾರ್ದು. ತಣ್ಣಗಿದ್ರೆ ಒಳ್ಳೇದು. ತಣ್ಣಗಿದ್ರೆ ಗಂಟಲು ಎಚ್ಚರಾಗುತ್ತೆ," ಎಂದರು ಮೇಡಂ.

ಇಷ್ಟೇ ತಾನೇ ಎಂದುಕೊಂಡೆ. ನಾನು ಆಲ್ಟರೇಷನ್ ಅಂಗಡಿಯಲ್ಲಿ ಕೆಲಸ ಮಾಡುವವಳು. ಕಂಡವರ ಪ್ಯಾಂಟಿನ ಸೊಂಟವನ್ನು ಕೂದಲೆಳೆಯಷ್ಟೂ ಆಚೀಚೆಯಾಗದಂತೆ ಹಿಡಿದುಕೊಡುವವಳಿಗೆ ಒಂದು ಬಟ್ಟಲು ಕಸ್ಟರ್ಡ್ ಯಾವ ಮಹಾ. ಸಂಜೆ ಅಂಗಡಿಯಿಂದ ಬರುವಾಗ ಹಣ್ಣು ತಂದೆ. ಸಿಪ್ಪೆ ಹೆರೆದು, ಗೊರಟಿನಿಂದ ತಿರುಳು ಕೆರೆದು, ಜರಡಿಯಲ್ಲಿ ಒತ್ತಿ, ಮತ್ತೆ ತೆಳುಬಟ್ಟೆಯಲ್ಲಿ ಹಿಂಡಿ ನಾರೆಲ್ಲ ತೆಗೆದೆ. ಕಾರ್ನ್‌ಫ್ಲೋರನ್ನು ತಣ್ಣನೆ ಹಾಲಿನಲ್ಲಿ ಗಂಟಿಲ್ಲದೆ ಕದಡಿ, ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ತಿರುವಿ, ತಿರುಳು, ಸಕ್ಕರೆ ಬೆರೆಸಿ ಕುದಿಸಿ ಇಳಿಸಿದೆ. ಮನೆಯೆಲ್ಲ ಘಮಘಮ. ತಣಿದ ಮೇಲೆ ಚಮಚ ಬಗ್ಗಿಸಿದರೆ ಠಪ್ಪೆಂದು ಒಂದೇ ಉಂಡೆ ಬಿತ್ತು. ನನಗೆ ನನ್ನ ಬೆನ್ನನ್ನೇ ತಟ್ಟಿಕೊಳ್ಳಬೇಕೆನಿಸಿತು.

ಬೆಳಿಗ್ಗೆ ನೋಡಿದರೆ ನೀರು.

ಮಾರನೆಯ ದಿನ ಕಾರ್ನ್‌ಫ್ಲೋರ್ ಹೆಚ್ಚು ಹಾಕಿದೆ. ಸಂಜೆ ಕಲ್ಲಿನಂತೆ ಕೂತದ್ದು ಬೆಳಿಗ್ಗೆ ಮತ್ತೆ ನೀರು. ಹಣ್ಣಿನದೇ ದೋಷ ಎಂದಳು ಅಮ್ಮ. ಬೇರೆ ಅಂಗಡಿಯ ಹಣ್ಣು ತಂದೆ. ಅದೂ ಅಷ್ಟೇ. ಕೊನೆಗೆ ನನ್ನ ಸಿಟ್ಟು ಫ್ರಿಜ್ಜಿನ ಕಡೆ ತಿರುಗಿತು.

"ನಿನ್ನ ಡಬ್ಬಾ ಫ್ರಿಜ್ಜೇ ಸರಿಯಿಲ್ಲ ಕಣೋ," ಎಂದೆ ತಮ್ಮನಿಗೆ.

ಅವನು ಫ್ರಿಜ್ ರಿಪೇರಿ ಮಾಡುವವನು. ನಮ್ಮ ಮನೆಯ ಫ್ರಿಜ್ಜು ಯಾರೋ ಬೇಡವೆಂದು ಬಿಟ್ಟದ್ದು. ಅದಕ್ಕೆ ಬೇರೆಬೇರೆ ಫ್ರಿಜ್ಜಿನ ಕೈಕಾಲು ಜೋಡಿಸಿ ಅವನೇ ಜೀವ ಕೊಟ್ಟದ್ದು. ನಾನು ಅವನನ್ನು ಬೈದಿದ್ದರೆ ಕೇಳಿಕೊಳ್ಳುತ್ತಿದ್ದ, ಫ್ರಿಜ್ಜನ್ನು ಬೈದದ್ದು ಮನಸ್ಸಿಗೆ ನಾಟಿತು. ಮುಖ ಊದಿಸಿಕೊಂಡು ಅದನ್ನು ಗೋಡೆಯಿಂದ ಈಚೆಗೆಳೆದು, ಹಿಂದಿನ ಹೊದಿಕೆ ಬಿಚ್ಚಿ, ಒಳಗೆ ಥರ್ಮಾಮೀಟರ್ ಇಟ್ಟು, ಇಡೀ ಅಡುಗೆಮನೆಯನ್ನು ಗ್ಯಾರೇಜು ಮಾಡಿದ. "ನೋಡ್ಕೋ. ಎಷ್ಟು ತಣ್ಣಗಿರ್ಬೇಕೋ ಅಷ್ಟೇ ಇದೆ. ನಿನ್ನ ಕಸ್ಟರ್ಡೇ ಸುಳ್ಳು," ಎಂದ.

ನನಗೆ ಕುಂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಅಂಗಡಿಯಲ್ಲಿ ಒಬ್ಬರ ಕೋಟಿನ ಎಡತೋಳನ್ನು ಮೊಟಕು ಮಾಡಿ ಬಲತೋಳನ್ನು ಹಾಗೇ ಬಿಟ್ಟೆ. ಯಜಮಾನಿ ಕೋಟನ್ನು ಎತ್ತಿ ಹಿಡಿದು, "ಇದನ್ನ ಯಾರಿಗೆ ಹಾಕೋದು?" ಎಂದಳು. ಹೊಲಿಗೆಯ ಯಂತ್ರ ತುಳಿಯುತ್ತಿದ್ದರೂ ತಲೆ ಫ್ರಿಜ್ಜಿನ ಒಳಗೇ ಇರುತ್ತಿತ್ತು. ಊಟದ ಹೊತ್ತಿಗೆ ಅಮ್ಮನಿಗೆ ಫೋನ್ ಮಾಡಿ, "ಗಟ್ಟಿ ಇದ್ಯಾ ನೋಡು," ಎನ್ನುವುದು. ಮನೆಗೆ ಹೋದರೆ ಬಾಲ ಸುಟ್ಟ ಬೆಕ್ಕಿನಂತೆ ಕೋಣೆಗೂ ಅಡುಗೆಮನೆಗೂ ಓಡಾಡುವುದು.

ಅಮ್ಮನ ಚಿಂತೆಯೂ ಸೇರಿಕೊಂಡಿತ್ತು. ಅಪ್ಪ ಮಲಗಿದಾಗಿನಿಂದ ಅವಳ ಬಟ್ಟೆಗಳ ಪಕ್ಕದ ಹೊಲಿಗೆಯನ್ನು ಮತ್ತೆ ಮತ್ತೆ ಒಳಕ್ಕೆ ಹಿಡಿದಿದ್ದೆ. ಊಟ ಮಾಡಮ್ಮ ಎಂದರೆ "ಆಮೇಲೆ" ಎನ್ನುತ್ತಿದ್ದಳು. ಆ ಆಮೇಲೆ ಬಂದದ್ದನ್ನು ನಾವು ಯಾರೂ ನೋಡಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಮದುವೆಯಾದಾಗಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಅಪ್ಪನ ಪಾಳಿ ಮುಗಿಯುವವರೆಗೆ ಅಮ್ಮ ಕಾದಿರುತ್ತಿದ್ದಳು. ಬಂದ ಮೇಲೆ ಒಂದು ತಟ್ಟೆ, ಎರಡು ಕೈ. ಚಿಕ್ಕವರಾಗಿದ್ದಾಗ ನಾವಿಬ್ಬರೂ ಅದನ್ನು ನೋಡಿ ಕಿಸಕ್ಕೆಂದು ನಗುತ್ತಿದ್ದೆವು.

ಬುಧವಾರ ಬೆಳಿಗ್ಗೆ ಮೇಡಂ ಅಭ್ಯಾಸ ಮಾಡಿಸಲು ಬಂದಾಗ ಬಟ್ಟಲನ್ನು ಅವರ ಮೂಗಿನ ಕೆಳಗೇ ಹಿಡಿದೆ. "ನೋಡಿ ಮೇಡಂ, ನನ್ನ ಹಣೆಬರಹ."

ಅವರು ಅಲ್ಲಾಡಿಸಿ ನೋಡಿದರು. "ಮಾಡ್ವಾಗ ಯಾರಾದ್ರೂ ರುಚಿ ನೋಡ್ತೀರಾ?"

"ನೋಡ್ದೆ ಇರ್ತೀವಾ?"

"ನೋಡಿದ ಚಮಚಾನ ಮತ್ತೆ ಅದಕ್ಕೇ ಅದ್ದುತ್ತೀರಾ?"

ನಾನು ತಮ್ಮನ ಮುಖ ನೋಡಿದೆ, ತಮ್ಮ ನನ್ನ ಮುಖ ನೋಡಿದ. ನಮ್ಮ ಮನೆಯಲ್ಲಿ ಎಂಜಲು ಎಂಬ ಮಾತೇ ಇಲ್ಲ. ಪಾತ್ರೆಯ ಪಕ್ಕ ಒಂದು ಚಮಚ ಇಟ್ಟಿರುತ್ತದೆ. ಹೋಗುವವರು ಬರುವವರು ಅದ್ದುವುದು, ಚೀಪುವುದು, "ಇನ್ನೊಂಚೂರು ಸಕ್ಕರೆ" ಎನ್ನುವುದು, ಮತ್ತೆ ಅದ್ದುವುದು. ನಾವು ಅಡುಗೆ ಮಾಡುವುದೇ ಹಾಗೆ. ಕಸ್ಟರ್ಡ್ ತಣಿಯುವಷ್ಟರಲ್ಲಿ ಆ ಚಮಚ ಎಷ್ಟು ಸಲ ಯಾರ ಬಾಯಿಗೆ ಹೋಗಿ ಬಂದಿತ್ತೋ ದೇವರಿಗೇ ಗೊತ್ತು.

"ಉಗುಳು ತಾಗಿದ್ರೆ ಹಿಟ್ಟಿನ ಗಟ್ಟಿತನ ಒಡೆದುಹೋಗುತ್ತೆ," ಎಂದರು ಮೇಡಂ. "ಬಾಯಲ್ಲಿ ಅನ್ನ ಅಗಿದಾಗ ಕರಗೋದಿಲ್ವಾ, ಅದೇ ಕೆಲಸ ಬಟ್ಟಲಲ್ಲೂ ನಡೆಯುತ್ತೆ. ಕೂತಲ್ಲೇ ನೀರಾಗುತ್ತೆ."

"ನನ್ನ ಫ್ರಿಜ್ಜಿಗೆ ಕ್ಷಮೆ ಕೇಳು," ಎಂದ ತಮ್ಮ.

ಅವತ್ತು ಸಂಜೆ ಮನೆಯಲ್ಲಿ ಕಾನೂನು ಜಾರಿಯಾಯಿತು. ಚಮಚ ಒಂದು ಸಲ ಬಾಯಿಗೆ ಹೋದರೆ ನೇರ ತೊಳೆಯುವ ತೊಟ್ಟಿಗೆ. ಬಟ್ಟಲಿಗೆ ಮುಚ್ಚಳ ಹಾಕಿ ಫ್ರಿಜ್ಜಿನೊಳಗೆ ಮೇಲಿನ ಶೆಲ್ಫಿನಲ್ಲಿಟ್ಟೆ. ಗುರುವಾರ ಬೆಳಿಗ್ಗೆ ಚಮಚದಲ್ಲಿ ಎತ್ತಿ ಬಗ್ಗಿಸಿದೆ. ಠಪ್ಪೆಂದು ಬಿತ್ತು. ಒಂದೇ ಉಂಡೆ. ಅಂಗಡಿಗೆ ಹೋಗುವ ದಾರಿಯುದ್ದಕ್ಕೂ ನನ್ನ ಕಾಲು ನೆಲದ ಮೇಲಿರಲಿಲ್ಲ. ಇದನ್ನೇ ನಾಳೆಗೆ ಇಡುತ್ತೇನೆ, ಇನ್ನೊಮ್ಮೆ ಮಾಡುವ ಗೋಳೇ ಇಲ್ಲ ಎಂದುಕೊಂಡೆ.

ಆದರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ ಚಡಪಡಿಕೆ. ಫೋನ್ ಮಾಡಿದರೆ ಅಮ್ಮ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಅಪ್ಪನಿಗೇನಾದರೂ ಆಯಿತೋ ಏನೋ. ಯಜಮಾನಿಗೆ ಹೇಳಿದೆನೋ ಇಲ್ಲವೋ ನೆನಪಿಲ್ಲ, ಕತ್ತಿಗೆ ಹಾಕಿಕೊಂಡಿದ್ದ ಅಳತೆ ಟೇಪಿನ ಸಮೇತ ಓಡಿ ಬಂದೆ.

ಬಾಗಿಲು ಸುಮ್ಮನೆ ಮುಚ್ಚಿತ್ತು. ತಳ್ಳಿ ಒಳಗೆ ಹೋದರೆ ಕೋಣೆಯಿಂದ ಅಮ್ಮನ ಮಾತು ಕೇಳಿತು, ಸಣ್ಣ ದನಿಯಲ್ಲಿ. ಅಪ್ಪನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದಳು. ತೊಡೆಯ ಮೇಲೆ ನನ್ನ ಬಟ್ಟಲು. ಒಂದು ಚಮಚ ಕಸ್ಟರ್ಡ್ ತೆಗೆದು ತಾನು ತಿಂದಳು. ಆ ಚಮಚವನ್ನು ಅಪ್ಪನ ಬಾಯಿಗಿಟ್ಟಳು. ಅಪ್ಪ ಕಣ್ಣು ಮುಚ್ಚಿ ಅದನ್ನು ತುಟಿಯಲ್ಲಿ ಹಿಡಿದುಕೊಂಡರು. ಮತ್ತೆ ಅದೇ ಚಮಚ ಬಟ್ಟಲಿಗೆ ಇಳಿಯಿತು.

"ಅಮ್ಮ, ಏನ್ ಮಾಡ್ತಿದ್ದೀಯ? ಅಪ್ಪನ್ನ ಸಾಯಿಸ್ಬೇಕು ಅಂತ ಮಾಡಿದ್ದೀಯಾ?"

ಅವಳ ಕೈಯಿಂದ ಚಮಚ ಜಾರಿ ಹಾಸಿಗೆಗೆ ಬಿತ್ತು. ಕದ್ದು ಸಿಕ್ಕಿಬಿದ್ದ ಮಗುವಿನ ಹಾಗೆ ನನ್ನನ್ನು ನೋಡಿದಳು. "ಬರೀ ಚಮಚ ಕಣೇ," ಎಂದಳು. "ಅದರಲ್ಲಿ ಏನೂ ಇಲ್ಲ. ನಾನು ತಿಂದು ಖಾಲಿ ಮಾಡೇ ಕೊಡ್ತೀನಿ. ರುಚಿ ಅಷ್ಟೇ."

"ರುಚಿ ಗಂಟಲಿಗೆ ಇಳಿದ್ರೆ?"

"ಇಳಿಯಲ್ಲ. ಬಾಯಲ್ಲಿ ಇಟ್ಕೊಳ್ಳಿ, ನುಂಗಿದ್ರೆ ನನ್ನಾಣೆ ಅಂತ ಹೇಳಿದ್ದೀನಿ. ಆಮೇಲೆ ಬಟ್ಟೇಲಿ ಒರೆಸಿಬಿಡ್ತೀನಿ. ಒಂದ್ಸಲಾನೂ ನುಂಗಿಲ್ಲ ಅವರು. ಬೇಕಾದ್ರೆ ಕೇಳು."

ಕೇಳು ಅಂತೆ. ಮಾತೇ ಬಾರದವರನ್ನು. ಅಪ್ಪ ಮಾತ್ರ ನಿಜಕ್ಕೂ ತಲೆಯಾಡಿಸಿದರು, ಒಂದು ಬದಿಗೆ ವಾಲಿದ ಬಾಯಲ್ಲೇ ಅಮ್ಮನ ಪರ ನಿಂತು.

"ದಿನಾ ಕೊಡ್ತಿದ್ಯಾ?"

"ನೀವಿಬ್ರೂ ಹೋದ್ಮೇಲೆ. ಊಟದ ಹೊತ್ತಿಗೆ." ಸೆರಗಿನಿಂದ ಬಟ್ಟಲಿನ ಅಂಚು ಒರೆಸಿದಳು. "ನಾನೊಬ್ಬಳೇ ಹೇಗೆ ತಿನ್ನಲಿ ಹೇಳು. ಎದುರಿಗೆ ಅವರು ನೋಡ್ತಾ ಮಲಗಿರ್ತಾರೆ. ಗಂಟಲಲ್ಲಿ ತುತ್ತು ಇಳಿಯಲ್ಲ ನಂಗೆ. ಹೀಗಾದ್ರೆ ಎರಡು ಚಮಚ ಇಳಿಯುತ್ತೆ."

ಯಾರಾದರೂ ಒಳ್ಳೆಯ ಮಗಳಾಗಿದ್ದರೆ ಅಲ್ಲಿಗೇ ಕರಗಿಹೋಗುತ್ತಿದ್ದಳು. ನನಗೆ ಕಂಡದ್ದು ನಾಳೆಯ ಪರೀಕ್ಷೆಯ ಬಟ್ಟಲು, ಅದರಲ್ಲಿ ಅರ್ಧ ಖಾಲಿ, ಉಳಿದರ್ಧ ಇನ್ನೇನು ನೀರಾಗಲಿರುವುದು. ಬಾಯಿಗೆ ಬಂದದ್ದೆಲ್ಲ ಅಂದೆ. ನಿನ್ನ ಪ್ರೀತಿಯಿಂದಲೇ ಅಪ್ಪನ ಹೊಟ್ಟೆಗೆ ತೂತು ಬೀಳುತ್ತೆ ಎಂದೆ. ಮೇಡಂ ಮಾಡಬೇಡಿ ಅಂದದ್ದನ್ನೇ ಮಾಡ್ತೀಯಲ್ಲ, ನಿನಗೇನು ತಲೆ ನೆಟ್ಟಗಿಲ್ವಾ ಎಂದೆ. ಕೊನೆಗೆ, "ನಾಳೆ ಮೇಡಂ ಬಂದಾಗ ನೀನು ಈ ಕೋಣೆಗೆ ಕಾಲಿಡಬೇಡ. ನೀನಿದ್ರೆ ಏನಾದ್ರೂ ಒಂದು ಮಾಡೇ ಮಾಡ್ತೀಯ," ಎಂದೂ ಅಂದೆ.

ಅಮ್ಮ "ಆಯ್ತು," ಎಂದು ಬಟ್ಟಲು ತೆಗೆದುಕೊಂಡು ಹೊರಟಳು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಮಾತು ಬರುತ್ತಿದ್ದರೆ ಅವತ್ತು ನನಗೆ ಏನು ಸಿಗುತ್ತಿತ್ತೆಂದು ನನಗೆ ಗೊತ್ತು. ಹೊರಗೆ ಬಂದುಬಿಟ್ಟೆ.

ಸಂಜೆ ಹಣ್ಣಿಗೆ ಅಲೆದಾಟ. ಮಾವಿನ ಕಾಲ ಮುಗಿಯುತ್ತಾ ಬಂದಿತ್ತು. ಒಂದು ಅಂಗಡಿಯಲ್ಲಿ ಹಣ್ಣೆಲ್ಲ ಕಪ್ಪು ಚುಕ್ಕೆ, ಇನ್ನೊಂದರಲ್ಲಿ ಒತ್ತಿದರೆ ಬೆರಳೇ ಒಳಗೆ ಹೋಗುತ್ತಿತ್ತು. ಮೂಲೆಯಂಗಡಿಯವನು ಕೊನೆಯ ಬುಟ್ಟಿಯಿಂದ ಆರಿಸಿಕೊಟ್ಟದ್ದನ್ನು ಮೂಸಿ ನೋಡಿದೆ. ವಾಸನೆ ಏನೋ ಇತ್ತು. ಇದೇ ಗತಿ ಎಂದು ತಂದೆ.

ಮನೆಯಲ್ಲಿ ಅಮ್ಮ ಮಾತಾಡುತ್ತಿರಲಿಲ್ಲ. ನಾನೂ ಆಡುತ್ತಿರಲಿಲ್ಲ. ಒಲೆಯ ಮೇಲೆ ಹಾಲು, ಹಿಟ್ಟು, ತಿರುಳು, ತಿರುವುತ್ತಲೇ ಇರಬೇಕು. ಆಗ ಬಂದ ತಮ್ಮ, ಕೆಲಸದಿಂದ ನೇರವಾಗಿ, ಗ್ರೀಸ್ ಕೈಯಲ್ಲಿ.

"ಟೀಗೆ ಸಕ್ಕರೆ ಕೊಡು," ಎಂದು ನನ್ನ ಪಕ್ಕದಲ್ಲಿದ್ದ ಡಬ್ಬವನ್ನು ಎತ್ತಿಕೊಂಡ. ಇನ್ನೊಂದು ಕೈಯಲ್ಲಿ ಆಗಲೇ ಒಂದು ಚಮಚ.

"ಆ ಚಮಚ ಇದರ ಹತ್ತಿರ ಬಂದ್ರೆ ಕೈ ಮುರೀತೀನಿ."

"ರುಚಿ ನೋಡ್ದೆ ಹೇಗೆ ಮಾಡ್ತೀಯ?"

"ನೋಡಲ್ಲ. ಯಾರೂ ನೋಡಲ್ಲ. ಈ ಮನೇಲಿ ರುಚಿ ನೋಡಿ ನೋಡೇ ಎಲ್ಲ ಹಾಳಾಗಿರೋದು. ಹೋಗು ಆಚೆ."

ಅವನು ಡಬ್ಬದ ಸಮೇತ ಹೋದ. ಹೋಗುತ್ತಾ, "ಹುಚ್ಚು ಹಿಡಿದಿದೆ," ಎಂದು ಗೊಣಗಿದ್ದು ಕೇಳಿತು. ನಾನು ಮತ್ತೆ ತಿರುವತೊಡಗಿದೆ. ಹಿಟ್ಟು ಬೆಂದು ಹೊಳಪು ಬಂತು, ಬುಳಬುಳ ಎಂದಿತು. ಇಳಿಸಿ, ಸೌಟಿಗೆ ಅಂಟಿದ್ದನ್ನು ನೆಕ್ಕಬೇಕೆಂದು ಬಾಯವರೆಗೆ ತಂದು, ಬೇಡವೆಂದು ತೊಳೆದುಬಿಟ್ಟೆ. ನನ್ನ ಆಯುಸ್ಸಿನಲ್ಲೇ ರುಚಿ ನೋಡದೆ ಮಾಡಿದ್ದು ಅದೊಂದೇ.

ಶುಕ್ರವಾರ ಬೆಳಿಗ್ಗೆ ಮುಚ್ಚಳ ತೆಗೆದಾಗ ಅದು ನುಣ್ಣಗೆ, ಗಟ್ಟಿಯಾಗಿ, ಬಿರುಕಿಲ್ಲದೆ ಕೂತಿತ್ತು. ಬಗ್ಗಿಸಿ ನೋಡಲು ಕೂಡ ಭಯವಾಗಿ ಮೇಡಂ ಬರುವವರೆಗೆ ಬಟ್ಟಲಿನ ಮುಂದೆಯೇ ನಿಂತಿದ್ದೆ.

ಮೇಡಂ ಅಪ್ಪನನ್ನು ನೆಟ್ಟಗೆ ಕೂರಿಸಿ ಗದ್ದ ಒಂಚೂರು ಕೆಳಗೆ ಮಾಡಿಸಿದರು. ಚಮಚ ಬಗ್ಗಿಸಿ ನೋಡಿದರು. ಒಂದೇ ಉಂಡೆ. "ಭೇಷ್," ಎಂದರು ನನಗೆ. ಅಮ್ಮ ನಾನು ಹೇಳಿದಂತೆ ಅಡುಗೆಮನೆಯಲ್ಲೇ ಉಳಿದಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವ ಸದ್ದು ಬರುತ್ತಿತ್ತು. ತಮ್ಮ ಬಾಗಿಲ ಬಳಿ ಕೈ ಕಟ್ಟಿ ನಿಂತಿದ್ದ.

ಮೇಡಂ ಕಾಲು ಚಮಚ ಕಸ್ಟರ್ಡನ್ನು ಅಪ್ಪನ ನಾಲಿಗೆಯ ಮೇಲಿಟ್ಟು, ಗಂಟಲ ಮೇಲೆ ಎರಡು ಬೆರಳಿಟ್ಟರು. "ನುಂಗಿ ಸರ್."

ಅಪ್ಪ ತುಟಿ ಮುಚ್ಚಿದರು. ಗಂಟಲು ಅಲ್ಲಾಡಲಿಲ್ಲ.

"ನಿಧಾನ. ಆತುರ ಇಲ್ಲ. ನುಂಗಿ."

ಇಲ್ಲ. ಕೆನ್ನೆಯೊಳಗೆ ಹಾಗೇ ಇಟ್ಟುಕೊಂಡು ಕೂತರು. ಮೇಡಂ ಸ್ವಲ್ಪ ಕಾದು, ಬಟ್ಟೆ ಹಿಡಿದು ಉಗುಳಿಸಿದರು. ಮತ್ತೆ ಒಂದು ಚಮಚ. ಮತ್ತೆ ಹಾಗೇ. ನಾನು ಹಾಸಿಗೆಯ ಪಕ್ಕ ಮಂಡಿಯೂರಿ, "ಅಪ್ಪ, ನುಂಗಪ್ಪ, ನಿನ್ನ ದಮ್ಮಯ್ಯ," ಎಂದೆ. ಅಪ್ಪ ನನ್ನ ಕಡೆ ನೋಡಲೂ ಇಲ್ಲ. ಅವರ ಕಣ್ಣು ತಮ್ಮ ನಿಂತಿದ್ದ ಬಾಗಿಲ ಕಡೆಗಿತ್ತು. ತಮ್ಮ ಪಕ್ಕಕ್ಕೆ ಸರಿದ. ಆಗಲೂ ಕಣ್ಣು ಬಾಗಿಲಲ್ಲೇ.

ಮೇಡಂ ನನ್ನನ್ನು ನೋಡಿ ತಗ್ಗಿದ ದನಿಯಲ್ಲಿ, "ಬಾಯಲ್ಲೇ ಇಟ್ಕೊಳ್ತಿದ್ದಾರೆ. ನುಂಗೋ ಪ್ರಯತ್ನಾನೇ ಬರ್ತಿಲ್ಲ. ಇದು ಒಳ್ಳೇ ಲಕ್ಷಣ ಅಲ್ಲ," ಎಂದರು. "ಇನ್ನೊಂದ್ಸಲ ನೋಡೋಣ. ಆಗ್ಲಿಲ್ಲ ಅಂದ್ರೆ ಇವತ್ತಿಗೆ ನಿಲ್ಸಿ, ದೊಡ್ಡ ಡಾಕ್ಟ್ರಿಗೆ ಹೇಳ್ತೀನಿ."

ಹೊಟ್ಟೆಗೆ ತೂತು ಬಿದ್ದ ಅಪ್ಪ, ಎದುರಿಗೆ ಉಪವಾಸ ಕೂತ ಅಮ್ಮ, ಇಬ್ಬರೂ ಕಣ್ಣ ಮುಂದೆ ಬಂದರು. ಅಮ್ಮ ಕಣ್ಣ ಮುಂದೆ ಬಂದ ಕೂಡಲೇ ನನಗೆ ಹೊಳೆಯಿತು. ಈ ಮನುಷ್ಯನಿಗೆ ನುಂಗಲು ಆಗುತ್ತಿಲ್ಲ ಎಂದಲ್ಲ. ನುಂಗಬಾರದೆಂದು ಆಣೆ ಹಾಕಿಸಿಕೊಂಡಿದ್ದಾರೆ. ಹಾಕಿದವಳು ಅಡುಗೆಮನೆಯಲ್ಲಿದ್ದಾಳೆ, ಅವಳನ್ನು ಅಲ್ಲಿ ಕೂಡಿಹಾಕಿದವಳು ನಾನು.

"ಒಂದು ನಿಮಿಷ ಮೇಡಂ," ಎಂದು ಓಡಿದೆ. ಅಮ್ಮ ತೊಟ್ಟಿಯ ಮುಂದೆ ನಿಂತಿದ್ದಳು. "ಬಾ," ಎಂದು ಒದ್ದೆ ಕೈಯನ್ನೇ ಹಿಡಿದು ಎಳೆದೆ.

"ಬರಬೇಡ ಅಂದ್ಯಲ್ಲ."

"ಅಂದೆ. ತಪ್ಪಾಯ್ತು. ನಿನ್ನ ಆಣೆ ವಾಪಸ್ ತಗೋ ಬಾ. ಅಪ್ಪ ನುಂಗ್ತಿಲ್ಲ."

ಅವಳಿಗೆ ಇನ್ನೊಂದು ಮಾತು ಹೇಳಬೇಕಾಗಲಿಲ್ಲ. ಕೋಣೆಗೆ ಬಂದು ಕೈಯನ್ನು ಸೆರಗಿಗೆ ಒರೆಸಿಕೊಂಡು ಅಪ್ಪನ ಎದುರಿಗೆ ಕೂತಳು. ಮೇಡಂ ಏನೋ ಹೇಳಹೊರಟವರು ನನ್ನ ಮುಖ ನೋಡಿ ಸುಮ್ಮನಾದರು. ಅಮ್ಮ ಅವರ ಕೈಯಿಂದ ಚಮಚ ತೆಗೆದುಕೊಂಡು, ಮೊದಲು ತಾನೊಂದು ಚಮಚ ಬಾಯಿಗಿಟ್ಟುಕೊಂಡಳು. ಅಪ್ಪನ ಕಣ್ಣು ಅವಳ ಗಂಟಲ ಮೇಲಿತ್ತು. ಅವಳು ಎಲ್ಲರಿಗೂ ಕಾಣುವ ಹಾಗೆ ನುಂಗಿದಳು.

"ತುಂಬಾ ಚೆನ್ನಾಗಿದೆ ರೀ," ಎಂದಳು. "ಇವತ್ತು ನುಂಗಬಹುದು. ಆಣೆ ಗೀಣೆ ಏನಿಲ್ಲ. ನಾನೇ ಹೇಳ್ತಿದ್ದೀನಲ್ಲ, ನುಂಗ್ರಿ."

ಅದೇ ಚಮಚದಲ್ಲಿ ಒಂದಿಷ್ಟು ತೆಗೆದು ಅಪ್ಪನ ಬಾಯಿಗಿಟ್ಟಳು. ಮೇಡಂ ಬೆರಳು ಗಂಟಲ ಮೇಲೆ. ಅಪ್ಪನ ಮುಖ ಒಮ್ಮೆ ಕಿವುಚಿತು. ಆಮೇಲೆ ಗಂಟಲಮಣಿ ಮೇಲಕ್ಕೆ ಹೋಯಿತು, ಅಲ್ಲೇ ನಿಂತ ಹಾಗಾಯಿತು, ಕೆಳಗಿಳಿಯಿತು.

ಕೆಮ್ಮು ಬರಲಿಲ್ಲ. ಮೇಡಂ ಬಾಯಿ ತೆರೆಸಿ ಟಾರ್ಚು ಬಿಟ್ಟು ನೋಡಿದರು. ನಾಲಿಗೆಯ ಮೇಲೂ ಇಲ್ಲ, ಕೆನ್ನೆಯೊಳಗೂ ಇಲ್ಲ. "ಆ ಅನ್ನಿ ಸರ್," ಎಂದರು. ಅಪ್ಪ "ಆ" ಎಂದರು. ಗೊರಗೊರ ಇಲ್ಲದ, ಒಣ ದನಿ. ಗಂಟಲಲ್ಲಿ ಏನೂ ಉಳಿದಿಲ್ಲವೆಂದು ಅರ್ಥ. "ಇನ್ನೊಂದು ಕೊಡಿ ಅಮ್ಮ," ಎಂದರು ಮೇಡಂ. ಅಮ್ಮ ಕೊಟ್ಟಳು. ಅದೂ ಇಳಿಯಿತು. ಮತ್ತೊಂದು. ಮೇಡಂ ಬೆರಳು ತೆಗೆದು, "ಸಾಕು. ಸೋಮವಾರ ಬರ್ತೀನಿ. ಆವರೆಗೂ ಹೀಗೇ ನಡೆದ್ರೆ ಈ ಪೈಪು ತೆಗೆಸೋಣ. ಹೊಟ್ಟೆಗೆ ಪೈಪು ಇಡೋ ಮಾತು ಸದ್ಯಕ್ಕೆ ಬೇಡ," ಎಂದರು.

ತಮ್ಮ ಗೋಡೆಯ ಕಡೆ ತಿರುಗಿ ನಿಂತ. ಅವನು ಅಳುವುದು ನನಗೆ ಗೊತ್ತಾಗಬಾರದೆಂದು ಹಾಗೆ ಮಾಡುತ್ತಾನೆ, ನನಗೆ ಗೊತ್ತಾಗುತ್ತದೆ. ನನಗೆ ಅಳು ಬರಲಿಲ್ಲ. ಖುಷಿಯಾಯಿತು, ಜೊತೆಗೆ ಹೊಟ್ಟೆಕಿಚ್ಚೂ ಆಯಿತು. ಹಿಂಡಿದವಳು ನಾನು, ತಿರುವಿದವಳು ನಾನು, ಮಂಡಿಯೂರಿ ದಮ್ಮಯ್ಯ ಅಂದವಳೂ ನಾನೇ. ಅಪ್ಪ ನುಂಗಿದ್ದು ಅವಳು ಹೇಳಿದ್ದಕ್ಕೆ.

ಮೇಡಂ ಹೊರಟ ಮೇಲೆ ಅಮ್ಮ ಕೂತಲ್ಲಿಂದಲೇ ನನ್ನನ್ನು ಕರೆದಳು. "ನಂಗೂ ಒಂದು ಬಟ್ಟಲು ಹಾಕಿ ತಾರೇ."

ಅವಳು ತಾನಾಗಿ ಊಟ ಕೇಳಿ ಎಷ್ಟು ಕಾಲವಾಗಿತ್ತೋ. ಅಡುಗೆಮನೆಗೆ ಓಡಿ ಪಾತ್ರೆಯಲ್ಲಿ ಉಳಿದಿದ್ದನ್ನೆಲ್ಲ ಬಟ್ಟಲಿಗೆ ಬಳಿದೆ. ಬೆರಳಿಗೆ ಅಂಟಿದ್ದನ್ನು ಅಭ್ಯಾಸದಂತೆ ಬಾಯಿಗಿಟ್ಟೆ. ಹುಳಿ ನೆತ್ತಿಗೇರಿತು, ಕಣ್ಣು ತಾನಾಗಿ ಮುಚ್ಚಿತು. ಅದರಲ್ಲಿ ಒಂದು ಹರಳು ಸಕ್ಕರೆಯೂ ಇರಲಿಲ್ಲ.

ಬಟ್ಟಲು ಹಿಡಿದು ಬಾಗಿಲಲ್ಲೇ ನಿಂತೆ. "ಅಮ್ಮ, ಇದಕ್ಕೆ ಸಕ್ಕರೆನೇ..."

"ಗೊತ್ತು," ಎಂದಳು ಅಮ್ಮ, ಅಪ್ಪನ ತುಟಿ ಒರೆಸುತ್ತಾ. "ತಾ ಇಲ್ಲಿ. ಹಸಿವಾಗ್ತಿದೆ."

ಅವಳು ಅದನ್ನು ಅಪ್ಪನ ಎದುರಿಗೇ ಕೂತು, ಒಂದು ಚಮಚವನ್ನೂ ಬಿಡದೆ ತಿಂದಳು.